ಟ್ಯೂಬಾಕ್ಕೂ ಒಂದಾವರ್ತನ ಬಿಡಿ

ಟ್ಯೂಬಾ ಇರೋದು ತಾಳಕ್ಕೆ ಒತ್ತು ಕೊಡೋದಕ್ಕೆ ಮಾತ್ರ ಅಂದ್ರಲ್ಲ ಮೇಷ್ಟ್ರೇ, ಅದನ್ನ ನಾನು ಒಪ್ಪೋಲ್ಲ. ಬನ್ನಿ ಈ ಕಡೆ, ಬೇಲಿ ಹತ್ರ. ಹೂ ಆಮೇಲೆ ಕೊಯ್ಯುವಿರಂತೆ.

ನಮ್ಮ ಶಿವಮೊಗ್ಗದಲ್ಲಿ ದಿಬ್ಬಣ ಹೊರಟರೆ ಎಲ್ಲರ ಕಣ್ಣೂ ಟ್ರಂಪೆಟ್, ಕ್ಲಾರಿನೆಟ್ ಊದೋರ ಮೇಲೆ. ಹಿತ್ತಾಳೆಯ ಆ ದೊಡ್ಡ ವಾದ್ಯ ಹೊತ್ತವರು ಹಿಂದಿನ ಸಾಲಿನಲ್ಲಿ ಷಡ್ಜ-ಪಂಚಮ, ಷಡ್ಜ-ಪಂಚಮ ಅಂತ ಊದ್ತಾ ಬರ್ತಾರೆ. ಆದರೆ ಭದ್ರಾವತಿಯ ಒಂದು ಮದುವೆಯಲ್ಲಿ ನಾನೇ ಕೇಳಿದ್ದೀನಿ: ಹಾಡು ಮುಗಿದು ಡ್ರಮ್ ಮಾತ್ರ ಉಳಿದಿತ್ತು, ಆ ಪುಣ್ಯಾತ್ಮ ಪಂಚಮದಿಂದ ಗಾಂಧಾರಕ್ಕೆ ಜಾರಿ, ರಿಷಭ ಸವರಿ, ಷಡ್ಜಕ್ಕೆ ಬಂದು ಕೂತ. ಯಾರೂ ಬರೆದುಕೊಟ್ಟದ್ದಲ್ಲ. ಅದೇ ಅಲ್ವಾ ಮಾರಾಯ್ರೆ, ಮನೋಧರ್ಮ ಅನ್ನೋದು?

ಜಾಜ್ ಬೆಳೆದದ್ದೂ ಹೀಗೇ ಬೀದೀಲಿ. ನ್ಯೂ ಆರ್ಲಿಯನ್ಸ್ ಊರಿನ ಮೆರವಣಿಗೆಯಲ್ಲಿ ಆಳೆತ್ತರದ ಡಬಲ್ ಬೇಸ್ ಹೊತ್ತು ನಡೆಯೋಕಾಗುತ್ತಾ? ಮಂದ್ರದ ಕೆಲಸವೆಲ್ಲ ಟ್ಯೂಬಾ ಜಾತಿಯ ವಾದ್ಯಗಳದ್ದೇ. 1920ರ ದಶಕ ಮುಗಿಯೋ ಹೊತ್ತಿಗೆ ಆ ಜಾಗಕ್ಕೆ ಡಬಲ್ ಬೇಸ್ ಬಂತು, ಟ್ಯೂಬಾ ಹಿಂದೆ ಸರೀತು. ಆದರೂ 1949ರಲ್ಲಿ ಮೈಲ್ಸ್ ಡೇವಿಸ್ ತಮ್ಮ ಒಂಬತ್ತು ಜನರ ಮೇಳದ ಧ್ವನಿಮುದ್ರಣಕ್ಕೆ ಬಿಲ್ ಬಾರ್ಬರ್ ಅವರ ಟ್ಯೂಬಾ ಸೇರಿಸಿಕೊಂಡರು. ಈಗ ಲಂಡನ್ನಿನ ಥಿಯನ್ ಕ್ರಾಸ್ ಅಂತೂ ಅದನ್ನ ಮುಂದಿನ ಸಾಲಿಗೇ ತಂದು ನಿಲ್ಲಿಸಿದ್ದಾರೆ. ಕೇಳಬೇಕು ನೀವು.

ಅವರದ್ದು ಬಿಡಿ, ನಮ್ಮ ರಾಗಕ್ಕೆ ಅದು ಬಗ್ಗುತ್ತಾ ಅಂತೀರಿ. ಸ್ಯಾಕ್ಸಫೋನ್ ಬಗ್ಗಲಿಲ್ವಾ? ಕದ್ರಿ ಗೋಪಾಲನಾಥರು ಅದಕ್ಕೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ. ತಂದೆ ನಾಗಸ್ವರ ವಿದ್ವಾಂಸರು. ಮಗ ಗಮಕಕ್ಕೆ ಒಗ್ಗೋ ಹಾಗೆ ಸ್ಯಾಕ್ಸಫೋನನ್ನೇ ತಿದ್ದಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿ ಬಂದರು. ಅಮೆರಿಕದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜತೆ ನುಡಿಸಿದ 'ಕಿನ್ಸ್‌ಮೆನ್' ಆಲ್ಬಂ 2008ರಲ್ಲಿ ಬಂತು. ಅದರಲ್ಲಿ ಒಬ್ಬರ ಮನೋಧರ್ಮಕ್ಕೆ ಇನ್ನೊಬ್ಬರು ಉತ್ತರ ಕೊಡೋದು ಕೇಳಿದ್ರೆ ಈ ಪ್ರಶ್ನೆಯೇ ಏಳೋಲ್ಲ.

ಟ್ಯೂಬಾದ ಕಷ್ಟ ಬೇರೆ, ನಿಜ. ಬಿ-ಫ್ಲ್ಯಾಟ್ ಟ್ಯೂಬಾದ ಕೊಳವೆ ಬಿಚ್ಚಿ ನೆಟ್ಟಗೆ ಮಾಡಿದ್ರೆ ಸುಮಾರು 18 ಅಡಿ. ಮಂದ್ರ ಸ್ಥಾಯಿಯಲ್ಲಿ ಉಸಿರು ಬೇಗ ಖಾಲಿ, ಸ್ವರ ಎದ್ದೇಳೋದೂ ನಿಧಾನ. ಆದರೆ ಸ್ವರ ಹುಟ್ಟೋದು ಊದೋರ ತುಟಿಯ ಕಂಪನದಿಂದ. ತುಟಿಯ ಬಿಗಿ ಸ್ವಲ್ಪ ಸಡಿಲಿಸಿದ್ರೆ ಸ್ವರ ಬಾಗುತ್ತೆ, ವಾಲ್ವ್ ಅರ್ಧ ಒತ್ತಿ ಹಿಡಿದ್ರೆ ಜಾರೂ ಬರುತ್ತೆ. ಗಮಕ ಹುಟ್ಟೋಕೆ ಅಷ್ಟು ಎಡೆ ಸಾಕು. ಬಿರುಸಿನ ಸ್ವರಪ್ರಸ್ತಾರ ಯಾಕೆ ಬೇಕು? ವಿಳಂಬದಲ್ಲಿ, ಚಿಕ್ಕ ಚಿಕ್ಕ ಪ್ರಯೋಗ, ನಡುವೆ ಉಸಿರಿಗೊಂದು ಬಿಡುವು. ಆ ಬಿಡುವೂ ರಾಗಕ್ಕೆ ಒಪ್ಪುತ್ತೆ.

ಟ್ಯೂಬಾದಲ್ಲಿ ರಾಗ ನುಡಿಸೋ ಈ ಪ್ರಯೋಗ ಭದ್ರಾವತಿಯಲ್ಲೇ ಆಗಬೇಕು ಅಂತ ನನ್ನಾಸೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ತಮಿಳು, ತೆಲುಗು, ಮಲಯಾಳದ ಮನೆಗಳೆಲ್ಲ ಬಂದು ನೆಲೆಸಿದ ಊರು. ದೇವಸ್ಥಾನದ ಓಲಗ, ಚರ್ಚಿನ ಹಾಡು, 1965ರಿಂದ ಆಕಾಶವಾಣಿ, ಎಲ್ಲ ಒಂದೇ ಕಿವಿಗೆ ಬಿದ್ದಿವೆ. ಆಶು ಸಂಗೀತಕ್ಕೆ ಬೇಕಾದ ಕಿವಿ ಅಂಥದ್ದೇ.

ಮಗಳ ಮದುವೆಗೆ ಬ್ಯಾಂಡ್‌ಸೆಟ್‌ನವರನ್ನ ಗೊತ್ತು ಮಾಡೋಕೆ ಭದ್ರಾವತಿಗೆ ಹೋಗ್ತೀರಲ್ಲ, ನಾನೂ ಬರ್ತೀನಿ. ಸಿನಿಮಾ ಹಾಡು ನುಡಿಸಲಿ, ಬೇಡ ಅನ್ನೋಲ್ಲ. ನಡುವೆ ಟ್ರಂಪೆಟ್ ನಿಲ್ಲಿಸಿ, ಟ್ಯೂಬಾದವರಿಗೆ ಮೋಹನದಲ್ಲಿ ಎರಡು ನಿಮಿಷ ಬಿಡಿ ಅಂತ ಕೇಳೋಣ. ಐದೇ ಸ್ವರದ ರಾಗ, ಆದಿತಾಳ, ಡ್ರಮ್ ಮೆಲ್ಲಗೆ ಇರಲಿ. ಮುಂಗಡ ಕೊಡುವಾಗಲೇ ಹೇಳಿಬಿಡಬೇಕು ಮೇಷ್ಟ್ರೇ, ಅವರಿಗೂ ಸಾಧನೆಗೆ ಸಮಯ ಬೇಕಲ್ಲ.