1909 ಲೈನಿಗೆ ಸಿಕ್ಕಾಗ

ಬೇಡದ ಕರೆ, ಬೇಡದ ಮೆಸೇಜುಗಳ ಮೇಲೆ ದೂರು ಕೊಡಲು ದೇಶಕ್ಕೆಲ್ಲ ಒಂದೇ ನಂಬರ್, 1909. ಅದಕ್ಕೆ ನಿಯಮ ಬರೆಯುವುದು ದೆಹಲಿಯ ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಅನ್ನ ಹಾಕುವುದು ಮೊಬೈಲ್ ಕಂಪನಿಗಳು. ಹೀಗೆ ಎರಡು ಮನೆಯಲ್ಲೂ ಬಾಳಬೇಕಾದ ಈ ನಂಬರಿಗೆ ಮಾತಿನ ಚಟ, ಆದರೆ ಕೇಳುವವರಿಲ್ಲ. ಸಂದರ್ಶನ ಎಂದ ಕೂಡಲೇ ಒಪ್ಪಿಕೊಂಡಿತು. ಹಾಕಿದ್ದು ಒಂದೇ ಷರತ್ತು: ನಡುವೆ ಯಾರೂ ಪರ್ಸನಲ್ ಲೋನ್ ಬೇಕಾ ಅಂತ ಕೇಳಬಾರದು.

ನಾನು: ನಮಸ್ಕಾರ ಸಾರ್. ಸರ್ವಿಸಿಗೆ ಸೇರಿದ್ದು ಯಾವಾಗ?

1909: 2007ರಲ್ಲಿ. ಆಗ ಕೆಲಸ ಸುಲಭ ಅಂದ್ಕೊಂಡಿದ್ದೆ. ಯಾರು ‘ನಮಗೆ ತೊಂದರೆ ಕೊಡಬೇಡಿ’ ಅಂತಾರೋ ಅವರ ನಂಬರನ್ನ ಒಂದು ಪಟ್ಟಿಗೆ ಸೇರಿಸೋದು. ಟೆಲಿಮಾರ್ಕೆಟಿಂಗಿನವರು ಆ ಪಟ್ಟಿ ನೋಡಿ, ಅವರನ್ನ ಬಿಟ್ಟು ಮಿಕ್ಕವರ ಪ್ರಾಣ ತಿನ್ನಬೇಕು.

ನಾನು: ಪಟ್ಟಿ ನೋಡಿದ್ರಾ?

1909: ನೋಡಿದ್ದಿದ್ರೆ 2010ರಲ್ಲಿ ಹೊಸ ನಿಯಮ ಯಾಕೆ ಬೇಕಿತ್ತು? ಅದೂ ಸಾಲದೆ 2018ರಲ್ಲಿ ಇನ್ನೊಂದು. 2025ರ ಫೆಬ್ರವರಿಯಲ್ಲಿ ಅದಕ್ಕೊಂದು ತಿದ್ದುಪಡಿ. ನಿಯಮ ಬದಲಾಗ್ತಾನೇ ಇದೆ. ನಾನು ಮಾತ್ರ ಅದೇ ನಾಲ್ಕಂಕಿ, ಬಡ್ತಿಯಿಲ್ಲ.

ನಾನು: ಓದುಗರಿಗೆ ಉಪಯೋಗ ಆಗಲಿ, ನಿಮ್ಮಲ್ಲಿ ದೂರು ಕೊಡೋದು ಹೇಗೆ?

1909: ಬಹಳ ಸುಲಭ. ಬಂದ ಮೆಸೇಜನ್ನ ನಕಲು ಮಾಡಿ, ಒಂದು ಕಾಮಾ ಹಾಕಿ, ಕಳಿಸಿದವನ ನಂಬರ್ ಬರೆದು, ಮತ್ತೊಂದು ಕಾಮಾ ಹಾಕಿ, ದಿನ ತಿಂಗಳು ವರ್ಷ ಬರೆದು ನನಗೆ ಕಳಿಸಿ. ಕರೆಯಾದ್ರೆ ಅವನು ಏನು ಮಾತಾಡಿದ ಅಂತ ಚುಟುಕಾಗಿ ಬರೀಬೇಕು. ಮುಂಚೆ ಮೂರು ದಿನದೊಳಗೆ ಕೊಡಬೇಕಿತ್ತು, ಈಗ ಏಳು ದಿನ ಟೈಮ್ ಇದೆ. ಕಂಪನಿ ಕ್ರಮ ತಗೊಳ್ಳೋಕೆ ಮೂವತ್ತು ದಿನ ಇದ್ದದ್ದು ಐದಕ್ಕೆ ಇಳಿದಿದೆ. ರಿಜಿಸ್ಟರ್ ಆಗದೆ ಕಾಟ ಕೊಡೋನ ಮೇಲೆ ಕ್ರಮ ಆಗಬೇಕಾದ್ರೆ ಏಳು ದಿನದಲ್ಲಿ ಹತ್ತು ದೂರು ಬೀಳಬೇಕಿತ್ತು, ಈಗ ಹತ್ತು ದಿನದಲ್ಲಿ ಐದು ಸಾಕು.

ನಾನು: ಅಂದ್ರೆ ನಾಲ್ಕು ಜನಕ್ಕೆ ಕಾಟ ಕೊಟ್ರೆ ನಡೆಯುತ್ತೆ.

1909: ತಪ್ಪು ತಿಳ್ಕೊಂಡ್ರಿ. ಕಾಟ ನಾಲ್ಕು ಸಾವಿರ ಜನಕ್ಕೆ ಕೊಡಬಹುದು. ಅವರಲ್ಲಿ ಎರಡು ಕಾಮಾ ಹಾಕಿ ತಾರೀಖು ಬರೆಯೋ ತಾಳ್ಮೆ ಇರೋರು ಐದು ಜನ ಆಗಬಾರದು, ಅಷ್ಟೇ.

(ಈ ಹಂತದಲ್ಲಿ ನನ್ನ ಫೋನು ರಿಂಗಾಯಿತು. 140ರಿಂದ ಶುರುವಾಗುವ ನಂಬರು. ಸಂದರ್ಶಕನಿಗೂ ಮರ್ಯಾದೆ ಇರುತ್ತದೆ, ಕಟ್ ಮಾಡಿದೆ.)

1909: ಪಾಪ, ಅವನು ಒಳ್ಳೆಯವನು. ಕಟ್ ಮಾಡಬಾರದಿತ್ತು.

ನಾನು: ಒಳ್ಳೆಯವನಾ?

1909: 140ರಲ್ಲಿ ಫೋನ್ ಮಾಡ್ತಾನೆ ಅಂದ್ರೆ ರಿಜಿಸ್ಟರ್ ಆಗಿದ್ದಾನೆ, ‘ನಾನು ಮಾರೋಕೆ ಬಂದಿದ್ದೀನಿ’ ಅಂತ ಹಣೆ ಮೇಲೇ ಬರ್ಕೊಂಡಿದ್ದಾನೆ. ಬ್ಯಾಂಕಿನವರು ವಹಿವಾಟಿನ ವಿಷಯಕ್ಕೆ ಫೋನ್ ಮಾಡೋಕೆ ಬೇರೆ ಸರಣಿ, 1600. ಇನ್ನು ನಿಮಗೆ ಬರೋ ಮೆಸೇಜಿನಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಗೀಟು, ಒಂದು ಇಂಗ್ಲಿಷ್ ಅಕ್ಷರ ಇರುತ್ತೆ, ಗಮನಿಸಿದ್ದೀರಾ? ಪಿ ಇದ್ರೆ ಜಾಹೀರಾತು. ಎಸ್ ಇದ್ರೆ ಸೇವೆ. ಟಿ ಇದ್ರೆ ಒಟಿಪಿಯಂಥ ವಹಿವಾಟು. ಜಿ ಇದ್ರೆ ಸರ್ಕಾರ. ಬರೆಯೋ ವಾಕ್ಯ ಕೂಡ ಮುಂಚೆಯೇ ನೋಂದಣಿ ಆಗಿರಬೇಕು, ಹೆಸರು ಮತ್ತು ಮೊತ್ತ ತುಂಬೋಕೆ ಮಾತ್ರ ಜಾಗ ಬಿಟ್ಟಿರ್ತಾರೆ. 2024ರ ಅಕ್ಟೋಬರಿಂದ ಮೆಸೇಜಿನೊಳಗಿನ ಲಿಂಕಿಗೂ ಮೊದಲೇ ಅನುಮತಿ ಬೇಕು. ಇದೆಲ್ಲ ನಡೆಯೋದು ಬ್ಲಾಕ್‌ಚೈನ್ ಮೇಲೆ. ಸಾಲದ ಮೆಸೇಜಿಗೆ ಬ್ಲಾಕ್‌ಚೈನ್ ಸ್ವಾಮಿ! ನಮ್ಮಷ್ಟು ಅಚ್ಚುಕಟ್ಟು ಯಾರಲ್ಲಿದೆ?

ನಾನು: ಒಪ್ಪಿದೆ. ಹಾಗಿದ್ರೂ ನಮ್ಮ ಅಕ್ಕಪಕ್ಕದವರು ದುಡ್ಡು ಕಳ್ಕೊಳ್ತಾನೇ ಇದ್ದಾರಲ್ಲ?

1909: (ಸ್ವಲ್ಪ ಹೊತ್ತು ರಿಂಗ್ ಮಾತ್ರ ಕೇಳಿಸಿತು.) ಕಲ್ಯಾಣಮಂಟಪದ ಮುಂಬಾಗಿಲಲ್ಲಿ ನನ್ನನ್ನ ಕೂರಿಸಿದ್ದಾರೆ. ಲಗ್ನಪತ್ರಿಕೆ ತಂದಿದ್ದೀರಾ, ಹೆಸರು ಬರೆಸಿ, ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಅಂತ ಕೇಳಿ ಬಿಡ್ತೀನಿ. ಒಡವೆ ಕದಿಯೋನು ಅಡುಗೆಯವರ ಬಾಗಿಲಿಂದ ಬರ್ತಾನೆ. ಅವನು ಹತ್ತಂಕಿಯ ಮಾಮೂಲಿ ನಂಬರಿಂದ ಫೋನ್ ಮಾಡ್ತಾನೆ. ಅವನಿಗೆ ನೋಂದಣಿ, ಟೆಂಪ್ಲೇಟು, ಪಿ, ಎಸ್, ಟಿ ಯಾವುದೂ ಇಲ್ಲ. ಹಾಗಂತ ಸುಮ್ಮನೆ ಕೂತಿಲ್ಲ. 2024ರ ಆಗಸ್ಟಿನಲ್ಲಿ ಟ್ರಾಯ್ ಗಟ್ಟಿಯಾಗಿ ಆದೇಶ ಕೊಡ್ತು. ಸೆಪ್ಟೆಂಬರ್ ಮೊದಲ ವಾರಕ್ಕೆಲ್ಲ 50 ಸಂಸ್ಥೆಗಳು ಕಪ್ಪುಪಟ್ಟಿಗೆ ಹೋದ್ವು, 2.75 ಲಕ್ಷಕ್ಕೂ ಹೆಚ್ಚು ಸಂಪರ್ಕ ಕಟ್ಟಾಯ್ತು.

ನಾನು: ಶಭಾಷ್. ಆದ್ರೆ ಕಳ್ಳರು ಈಗ ಟ್ರಾಯ್ ಹೆಸರಲ್ಲೇ ಫೋನ್ ಮಾಡ್ತಾರಲ್ಲ?

1909: ಅದೇ ನನ್ನ ಹೊಟ್ಟೆ ಉರಿ. ರೆಕಾರ್ಡ್ ಮಾಡಿದ ಹೆಣ್ಣು ದನಿ. ‘ಟ್ರಾಯ್‌ನಿಂದ ಕರೆ ಮಾಡುತ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತದೆ, ವಿವರಕ್ಕೆ 9 ಒತ್ತಿ.’ ಒತ್ತಿದ್ರೋ, ಮುಂದೆ ಸಿಬಿಐ, ಕಸ್ಟಮ್ಸ್, ಕೊನೆಗೆ ವಿಡಿಯೋದಲ್ಲಿ ಖಾಕಿ ಹಾಕಿದವನು. ಡಿಜಿಟಲ್ ಅರೆಸ್ಟ್. ನಿಮ್ಮ ವಿಜಯಪುರದವರೊಬ್ಬರಿಗೆ ಬಂದ ಅಂಥದ್ದೇ ಕರೆಯನ್ನ 2024ರ ಅಕ್ಟೋಬರ್ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ದೇಶಕ್ಕೆಲ್ಲ ಕೇಳಿಸಿದ್ರು. ಇಪ್ಪತ್ತೈದು ವರ್ಷಕ್ಕೂ ಮೇಲೆ ನಿಯಮ ಬರೆದ್ರೂ ಟ್ರಾಯ್ ಅಂದ್ರೆ ಯಾರು ಅಂತ ನಮ್ಮ ಜನಕ್ಕೆ ಗೊತ್ತಿರಲಿಲ್ಲ. ಟ್ರಾಯ್ ಹೆಸರನ್ನ ಹಳ್ಳಿ ಹಳ್ಳಿಗೆ ಮುಟ್ಟಿಸಿದ್ದು ನಮ್ಮ ಪ್ರಚಾರ ವಿಭಾಗ ಅಲ್ಲ ಸ್ವಾಮಿ, ಮೋಸಗಾರರು.

ನಾನು: ಟ್ರಾಯ್ ನಿಜವಾಗಿ ಯಾರಿಗೂ ಫೋನ್ ಮಾಡಲ್ವಾ?

1909: ನಂಬರ್ ಬಂದ್ ಮಾಡ್ತೀವಿ ಅಂತ ಟ್ರಾಯ್ ಯಾರಿಗೂ ಫೋನ್ ಮಾಡಲ್ಲ, ಮೆಸೇಜೂ ಕಳಿಸಲ್ಲ. ಟ್ರಾಯ್ ಮಾಡೋದು ಕನ್ಸಲ್ಟೇಶನ್ ಪೇಪರ್.

ನಾನು: ಅದೇನದು?

1909: ಒಂದು ವಿಷಯದ ಮೇಲೆ ಪ್ರಶ್ನೆಗಳ ಪುಸ್ತಕ. ಅದಕ್ಕೆ ಜನ, ಕಂಪನಿಗಳು ಅಭಿಪ್ರಾಯ ಕಳಿಸಬೇಕು. ಆ ಅಭಿಪ್ರಾಯಕ್ಕೆ ಪ್ರತಿ ಅಭಿಪ್ರಾಯ. ಆಮೇಲೆ ಬಹಿರಂಗ ಚರ್ಚೆ. ಆಮೇಲೆ ಶಿಫಾರಸು, ಅದು ಟೆಲಿಕಾಂ ಇಲಾಖೆಗೆ ಹೋಗುತ್ತೆ. ಅವರು ‘ಇನ್ನೊಮ್ಮೆ ಯೋಚಿಸಿ’ ಅಂತ ವಾಪಸ್ ಕಳಿಸಬಹುದು. ಇವರು ಇನ್ನೊಮ್ಮೆ ಯೋಚಿಸ್ತಾರೆ. ಕಳ್ಳನಿಗೆ ಇದ್ಯಾವುದೂ ಇಲ್ಲ, ಬೆಳಿಗ್ಗೆ ಯೋಚಿಸ್ತಾನೆ, ಮಧ್ಯಾಹ್ನ ಫೋನ್ ಮಾಡ್ತಾನೆ.

ನಾನು: ಜನರ ಅಭಿಪ್ರಾಯ ಅಂದ್ರಲ್ಲ, ಗ್ರಾಹಕರ ಹಿತ ಕಾಯೋ ನಿಮ್ಮವರೇ 2015ರಲ್ಲಿ ಇಂಟರ್‌ನೆಟ್ ವಿಷಯಕ್ಕೆ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಜನರ ಪತ್ರಗಳನ್ನ ಇಮೇಲ್ ವಿಳಾಸದ ಸಮೇತ ಬಯಲಿಗೆ ಹಾಕಿದ್ರು.

1909: ಪಾರದರ್ಶಕತೆ ಸ್ವಾಮಿ! ಸ್ವಲ್ಪ ಜಾಸ್ತಿ ಆಯ್ತು. ಆದ್ರೆ ಆ ಪತ್ರಗಳ ಫಲ ಏನಾಯ್ತು ಅದನ್ನೂ ಹೇಳಿ. 2016ರ ಫೆಬ್ರವರಿ 8ರಂದು ಟ್ರಾಯ್ ‘ಈ ಜಾಲತಾಣಕ್ಕೆ ಒಂದು ದರ, ಆ ಜಾಲತಾಣಕ್ಕೆ ಇನ್ನೊಂದು ದರ ಕೂಡದು’ ಅಂತ ಬರೆದುಬಿಡ್ತು. ಆಯ್ದ ಕೆಲವೇ ಜಾಲತಾಣಗಳನ್ನ ಪುಕ್ಕಟೆ ತೋರಿಸ್ತಿದ್ದ ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಗಂಟುಮೂಟೆ ಕಟ್ಟಿತು.

(ಇದನ್ನು ಒಪ್ಪಲೇಬೇಕು. ಇಂಟರ್‌ನೆಟ್ಟನ್ನು ಕೇಬಲ್ ಟಿವಿಯ ಪ್ಯಾಕೇಜಿನಂತೆ ತುಂಡು ಮಾಡಿ ಮಾರುವುದು ಆ ದಿನ ತಪ್ಪಿತು. ಟ್ರಾಯ್ ಬರೆದ ಸಾಲುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.)

ನಾನು: ಹಾಗಿದ್ರೆ ಕಂಪನಿಗಳನ್ನ ಹಿಡಿಯೋಕೆ ಮಾತ್ರ ಯಾಕೆ ಕೈ ನಡುಗುತ್ತೆ?

1909: ನಡುಗಲ್ಲ, ಹಿಡಿದ್ರೆ ಕೋರ್ಟಿಗೆ ಹೋಗ್ತಾರೆ. ಮಾತಾಡ್ತಾ ಲೈನ್ ಕಟ್ಟಾದ್ರೆ ಗ್ರಾಹಕನಿಗೆ ಒಂದು ರೂಪಾಯಿ ಕೊಡಿ, ದಿನಕ್ಕೆ ಮೂರು ರೂಪಾಯಿಗಿಂತ ಹೆಚ್ಚು ಬೇಡ ಅಂತ 2015ರಲ್ಲಿ ನಿಯಮ ಮಾಡಿದ್ವಿ. ಆ ಮೂರು ರೂಪಾಯಿಗೆ ಕಂಪನಿಗಳು ಸುಪ್ರೀಂ ಕೋರ್ಟಿನವರೆಗೂ ಹೋದ್ವು, 2016ರ ಮೇನಲ್ಲಿ ನಿಯಮ ಬಿದ್ದೇಹೋಯ್ತು. ಇನ್ನೊಂದು ಹೇಳ್ತೀನಿ ಕೇಳಿ. ಒಂದು ಕಾಲದಲ್ಲಿ ಕಂಪನಿಗಳು ಫೋನ್ ರಿಂಗಾಗೋ ಹೊತ್ತನ್ನೇ ಕಡಿಮೆ ಮಾಡಿಬಿಟ್ವು. ಕರೆ ಯಾರ ಕಡೆಯಿಂದ ಹೊರಟಿತೋ ಆ ಕಂಪನಿ ಇನ್ನೊಂದಕ್ಕೆ ದುಡ್ಡು ಕೊಡಬೇಕಿತ್ತು ನೋಡಿ. ಬೇಗ ಕಟ್ಟಾದ್ರೆ ಆ ಕಡೆಯವನೇ ವಾಪಸ್ ಮಾಡ್ತಾನೆ, ಖರ್ಚು ಅವನ ಕಂಪನಿಗೆ. ಕೊನೆಗೆ 2019ರಲ್ಲಿ ಟ್ರಾಯ್ ಕೂತು ಬರೀಬೇಕಾಯ್ತು: ಮೊಬೈಲು ಮೂವತ್ತು ಸೆಕೆಂಡು ರಿಂಗಾಗಬೇಕು, ಲ್ಯಾಂಡ್‌ಲೈನು ಅರವತ್ತು. ಮಿಸ್ಡ್ ಕಾಲ್ ಕೊಡೋ ಚಾಳಿ ನಮ್ಮ ಕಾಲೇಜು ಹುಡುಗರದ್ದು ಅಂದ್ಕೊಂಡಿದ್ದೆ, ಸಾವಿರಾರು ಕೋಟಿಯ ಕಂಪನಿಗಳಿಗೂ ಇತ್ತು.

ನಾನು: ಸ್ಪ್ಯಾಮಿಗೆ ದಂಡ?

1909: ಇದೆ. ಸ್ಪ್ಯಾಮ್ ಎಷ್ಟು ಅಂತ ಕಂಪನಿಯೇ ಎಣಿಸಿ ವರದಿ ಮಾಡಬೇಕು. ತಪ್ಪು ಲೆಕ್ಕ ಕೊಟ್ರೆ ಮೊದಲ ಸಲ 2 ಲಕ್ಷ, ಎರಡನೇ ಸಲ 5 ಲಕ್ಷ, ಆಮೇಲೆ ಪ್ರತಿ ಸಲ 10 ಲಕ್ಷ. ನಗಬೇಡಿ.

ನಾನು: ನಗ್ತಿಲ್ಲ, ಕೆಮ್ಮು. ವಾಟ್ಸಾಪ್ ಕಾಟದ ಕತೆ ಏನು? ಈಗ ಷೇರು ಮಾರುಕಟ್ಟೆಯ ಟಿಪ್ಸು, ಮನೆಯಲ್ಲೇ ಕೂತು ಕೆಲಸ, ಎಲ್ಲ ಅಲ್ಲೇ ಬರೋದು.

1909: ಅಯ್ಯೋ, ಅದು ನನ್ನ ಸರಹದ್ದಲ್ಲ. 2020ರಲ್ಲಿ ಟ್ರಾಯ್ ಇಂಥ ಆ್ಯಪುಗಳಿಗೆ ಸದ್ಯಕ್ಕೆ ನಿಯಂತ್ರಣ ಬೇಡ ಅಂದಿತ್ತು. ಅವುಗಳ ಯಜಮಾನಿಕೆ ಐಟಿ ಸಚಿವಾಲಯದ್ದು. ಬರ್ಕೊಳ್ಳಿ, ಓದುಗರಿಗೆ ಅನುಕೂಲ ಆಗುತ್ತೆ. ಯಾರೋ ಸೈಟು ಮಾರೋಕೆ ಫೋನ್ ಮಾಡಿದ್ರೆ ನನ್ನ ಹತ್ರ ಬನ್ನಿ. ಮೋಸ ಮಾಡೋಕೆ ಫೋನ್ ಮಾಡಿದ್ದ, ಆದ್ರೆ ನೀವು ಬೀಳಲಿಲ್ಲ ಅಂದ್ರೆ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿಯಲ್ಲಿ ಚಕ್ಷು. ಬಿದ್ರಿ, ದುಡ್ಡೂ ಹೋಯ್ತು ಅಂದ್ರೆ ಗೃಹ ಸಚಿವಾಲಯದ 1930, ಅದೂ ತಡಮಾಡದೆ. ವಾಟ್ಸಾಪ್, ಫೇಸ್‌ಬುಕ್ ಮೇಲೆ ದೂರಿದ್ರೆ ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿ, ಅವರು ಕೇಳದಿದ್ರೆ ಮೇಲ್ಮನವಿ ಸಮಿತಿ.

ನಾನು: ಕಳ್ಳ ಒಬ್ಬನೇ, ಬಾಗಿಲು ನಾಲ್ಕು. ಯಾವ ಬಾಗಿಲು ಅಂತ ಎಂಬತ್ತು ವರ್ಷದ ಅಜ್ಜಿಗೆ ಹೇಗೆ ಗೊತ್ತಾಗಬೇಕು?

1909: ಇದಕ್ಕೆ ಕನ್ಸಲ್ಟೇಶನ್ ಪೇಪರ್ ಬಂದ್ರೆ ಅಭಿಪ್ರಾಯ ಕಳಿಸಿ.

ನಾನು: ಸರಿ ಬಿಡಿ. ಫೋನ್ ಎತ್ತೋ ಮುಂಚೆಯೇ ಯಾರು ಅಂತ ತಿಳಿಯೋ ಹಾಗಾದ್ರೆ?

1909: ಅದು ಬರ್ತಾ ಇದೆ! 2024ರ ಫೆಬ್ರವರಿಯಲ್ಲೇ ಶಿಫಾರಸು ಮಾಡಿದ್ವಿ, ಇಲಾಖೆ ವಾಪಸ್ ಕಳಿಸ್ತು, 2025ರ ಅಕ್ಟೋಬರಿನಲ್ಲಿ ಉತ್ತರ ಕೊಟ್ವಿ. ಸಿಮ್ ತಗೊಳ್ಳುವಾಗ ಅರ್ಜಿಯಲ್ಲಿ ಯಾರ ಹೆಸರು ಬರೆದಿದೆಯೋ ಆ ಹೆಸರು ತೆರೆ ಮೇಲೆ ಮೂಡುತ್ತೆ. ಇನ್ನು ಮೋಸದ ಮಾತೇ ಇಲ್ಲ.

ನಾನು: ನಮ್ಮ ಮನೆಯವಳ ಹೊಸ ಸಿಮ್ಮು ನಮ್ಮ ಮಾವನವರ ಹೆಸರಲ್ಲಿದೆ.

1909: ಹಾಗಾದ್ರೆ ಮಾವನವರ ಹೆಸರು ಬರುತ್ತೆ.

ನಾನು: ಮಾವನವರ ಫೋನು ನಾನು ಎತ್ತಲ್ಲ.

1909: ಅದು ನಿಮ್ಮ ಮನೆ ವಿಷಯ ಸ್ವಾಮಿ, ನನ್ನ ಸರಹದ್ದಿಗೆ ಬರಲ್ಲ.