ಮಾಂಗಲ್ಯಂ ತಂತ್ರಾಂಶೇನ

ನಮ್ಮ ಮದುವೆ ಆದದ್ದು ಒಂದೇ ಸಲ. ಅದರ ಕ್ಯಾಸೆಟ್ಟು ಮಾತ್ರ ಇದುವರೆಗೆ ನಾಲ್ಕು ಸಲ ಮತಾಂತರ ಹೊಂದಿದೆ. ವಿಎಚ್‌ಎಸ್ ಕುಲದಲ್ಲಿ ಹುಟ್ಟಿ, ವಿಸಿಡಿಯಾಗಿ, ಡಿವಿಡಿಯಾಗಿ, ಎಂಪಿ4 ಆಗಿ, ಈಗ 4ಕೆ ಆಗಿ ಅವತಾರ ಎತ್ತಿದೆ. ಪ್ರತಿ ಸಲವೂ ಮಾಡಿಕೊಟ್ಟವನ ಮಾತು ಒಂದೇ: “ಸಾರ್, ಇನ್ನು ಲೈಫ್‌ಲಾಂಗ್ ಚಿಂತೆ ಇಲ್ಲ.” ಯಾರ ಲೈಫು ಎಂದು ನಾನು ಕೇಳಲಿಲ್ಲ.

ಮೂಲ ಕ್ಯಾಸೆಟ್ಟು 1994ರದು, ಮೂರು ತಾಸಿನದು. ಅದರಲ್ಲಿ ಶಾಸ್ತ್ರಗಳದ್ದು ಒಂದು ತಾಸು, ಆರತಕ್ಷತೆಯ ಸಾಲು ಒಂದು ತಾಸು, ಉಳಿದದ್ದೆಲ್ಲ ಊಟದ ಪಂಕ್ತಿ. ವಿಡಿಯೋದವನು ಮುಖಕ್ಕೆ ಲೈಟು ಹಿಡಿದೊಡನೆ, ಸಾರನ್ನ ಕಲಸುತ್ತಿದ್ದ ಮರ್ಯಾದಸ್ಥರೆಲ್ಲ ಮಾಲು ಸಮೇತ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸುತ್ತಿದ್ದರು. ಒಬ್ಬರು ಮಾತ್ರ ಅಂಜಲಿಲ್ಲ. ನಮ್ಮಪ್ಪ. ಹೋಳಿಗೆ ಬಡಿಸುವವನನ್ನು ತಡೆದು “ತುಪ್ಪ ಎಲ್ಲಯ್ಯಾ?” ಎಂದು ಗದರಿ, ಕ್ಯಾಮೆರಾ ಕಡೆ ತಿರುಗಿ, ಮುಂದಿನ ಎರಡು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕುಬಿಟ್ಟರು. ಮೂರೇ ಸೆಕೆಂಡು. ಅಮ್ಮ ಕ್ಯಾಸೆಟ್ಟು ಹಾಕಿಸುತ್ತಿದ್ದದ್ದೇ ಆ ಮೂರು ಸೆಕೆಂಡಿಗೆ.

ಆಮೇಲೆ ವಿಸಿಡಿ ಬಂತು. ಒಂದು ಡಿಸ್ಕಿಗೆ 74 ನಿಮಿಷ, ಚಿತ್ರಕ್ಕೆ 352×288 ಚುಕ್ಕಿ. ಮದುವೆ ಮೂರು ಡಿಸ್ಕಿಗೆ ಪಾಲಾಯಿತು. ಸ್ಟುಡಿಯೋ ಹುಡುಗ ಗಡಿಯಾರ ನೋಡಿ ಕತ್ತರಿಸಿದನೇ ಹೊರತು ಮುಹೂರ್ತ ನೋಡಲಿಲ್ಲ. ಮೊದಲ ಡಿಸ್ಕಿನ ಕೊನೆಗೆ ನಾನು ತಾಳಿ ಹಿಡಿದು ಕೈ ಎತ್ತುತ್ತೇನೆ. ಎರಡನೆಯದು ಶುರುವಾಗುವಾಗ ಜನ ಅಕ್ಷತೆ ಎರಚಿ ಚಪ್ಪಲಿ ಹುಡುಕುತ್ತಿದ್ದಾರೆ. “ಕಟ್ಟಿದ್ದಕ್ಕೆ ಪುರಾವೆ ಇಲ್ಲ. ನಾನು ಮನಸ್ಸು ಮಾಡಿದ್ರೆ ಇವತ್ತೂ ಕೇಸು ಗೆಲ್ತೀನಿ” ಎನ್ನುತ್ತಾಳೆ ಹೆಂಡತಿ.

ಡಿವಿಡಿ ಕಾಲಕ್ಕೆ ಮೂಲದಿಂದಲೇ ಮಾಡಿಸೋಣವೆಂದರೆ ಅಟ್ಟದ ಮೇಲಿದ್ದ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. “ಪರವಾಗಿಲ್ಲ ಸಾರ್, ವಿಸಿಡಿಯಿಂದಲೇ ಎತ್ತೋಣ, ಡಿವಿಡಿ ಅಂದ್ರೆ 4.7 ಜಿಬಿ, ಕ್ಲಾರಿಟಿ ಬೇರೆ ಲೆವೆಲ್ಲು” ಎಂದ ಅಂಗಡಿಯವನು. ಲೋಟದ ನೀರನ್ನು ಹಂಡೆಗೆ ಸುರಿದರೆ ಹಂಡೆ ತುಂಬುತ್ತದೆ ಎಂಬ ಈ ಗಣಿತಕ್ಕೆ ನಾನು ದುಡ್ಡು ಕೊಟ್ಟೆ. ಡಿಸ್ಕ್ ತೆರೆದರೆ ಎರಡು ಫೋಲ್ಡರು. ‘ವಿಡಿಯೋ ಟಿಎಸ್’ ಎಂಬುದರಲ್ಲಿ ಮದುವೆಯೆಲ್ಲ ಇದೆ, ‘ಆಡಿಯೋ ಟಿಎಸ್’ ಖಾಲಿ. ಖಾಲಿ ಇದ್ದರೂ ಅದು ಅಲ್ಲಿರಬೇಕಂತೆ, ಇಲ್ಲದಿದ್ದರೆ ಕೆಲವು ಪ್ಲೇಯರುಗಳು ಮುನಿಸಿಕೊಳ್ಳುತ್ತವಂತೆ. ಬೀಗರ ಪೈಕಿ ಒಬ್ಬರು ಹೀಗೇ ಇದ್ದರು.

ಅಷ್ಟರಲ್ಲಿ ಮನೆಗೆ ಅಗಲದ ಟಿವಿ ಬಂತು. 4:3ರ ಮದುವೆಯನ್ನು 16:9ಕ್ಕೆ ಎಳೆದಾಗ ಪ್ರತಿಯೊಬ್ಬರೂ ಮೂರನೇ ಒಂದು ಪಾಲು ಹಿಗ್ಗಿದರು. ಕಡ್ಡಿಯಂತಿದ್ದ ಮದುಮಗ ಸಹಕಾರಿ ಬ್ಯಾಂಕಿನ ಅಧ್ಯಕ್ಷನಂತೆ ಕಂಡ. ಸರಿಪಡಿಸಲು ಹೋದರೆ ಎರಡು ಪಕ್ಕ ಕಪ್ಪು ಪಟ್ಟಿ ಬರುತ್ತದೆ. “ಅಷ್ಟು ದೊಡ್ಡ ಟಿವಿಗೆ ದುಡ್ಡು ಸುರಿದು ಕಪ್ಪು ನೋಡೋದಾ?” ಎಂದು ಮನೆಯವರೆಲ್ಲ ದಪ್ಪಗಾಗಲು ಒಪ್ಪಿದರು.

ನಮ್ಮ ಡಿಸ್ಕಿಗೆ ಬೀಗವಿರಲಿಲ್ಲ. ಕದ್ದು ನೋಡುವುದಿರಲಿ, ಕರೆದು ಕೂರಿಸಿದರೂ ಯಾರೂ ನೋಡುತ್ತಿರಲಿಲ್ಲ. ಆದರೆ ತಂಗಿ ಅಮೆರಿಕದಿಂದ ತಂದ ಸಿನಿಮಾ ಡಿವಿಡಿಗೆ ಕಾವಲೋ ಕಾವಲು. ಅದು ಒಂದನೇ ಪ್ರದೇಶದ್ದು, ಭಾರತ ಐದನೆಯದು. ಗಡಿ ದಾಟಿದ ಡಿಸ್ಕು ಉಸಿರೆತ್ತಲಿಲ್ಲ. ಕಂಪ್ಯೂಟರಿನ ಡ್ರೈವಿನಲ್ಲಿ ಪ್ರದೇಶ ಬದಲಿಸಬಹುದು, ಆದರೆ ಐದೇ ಸಲ. ಆಮೇಲೆ ಎಲ್ಲಿದ್ದೀಯೋ ಅಲ್ಲೇ ಕಾಯಂ. ಇಂಥ ಖಡಕ್ ಕಾನೂನು ಶಾಸಕರಿಗೆ ಇಲ್ಲದೆ ತಟ್ಟೆಗಳಿಗೇಕೆ ಮಾಡಿದರೋ. ಈ ಡಿಸ್ಕುಗಳ 40 ಬಿಟ್ಟಿನ ಬೀಗವನ್ನು 1999ರಲ್ಲೇ ಮುರಿದು, ಕೀಲಿಕೈಯನ್ನು ಊರಿಗೆಲ್ಲ ಹಂಚಿದವರಲ್ಲಿ ನಾರ್ವೆಯ ಹದಿಹರೆಯದ ಹುಡುಗ ಯೋನ್ ಲೆಕ್ ಯೋಹಾನ್ಸೆನ್ ಒಬ್ಬ. ತಾನು ಕೊಂಡ ಡಿಸ್ಕನ್ನು ತಾನು ನೋಡುವುದು ಕಳ್ಳತನ ಹೇಗಾದೀತು ಎಂದು ಅಲ್ಲಿಯ ನ್ಯಾಯಾಲಯ 2003ರಲ್ಲಿ ಅವನನ್ನು ಬಿಟ್ಟುಕಳಿಸಿತು. ನಾವು ಇಲ್ಲಿ ಬೀಗ ಮುರಿಯುವ ಗೋಜಿಗೇ ಹೋಗಲಿಲ್ಲ; ಸಿಗ್ನಲ್ ಪಕ್ಕದ ಫುಟ್‌ಪಾತಿನಲ್ಲಿ ಮುರಿದದ್ದೇ ಮಾರಾಟಕ್ಕಿತ್ತು.

ಲ್ಯಾಪ್‌ಟಾಪುಗಳಿಂದ ಡಿಸ್ಕಿನ ಬಾಯಿಯೇ ಮಾಯವಾದಾಗ ಎಂಪಿ4 ಅನಿವಾರ್ಯವಾಯಿತು. ಒಂದು ಕನ್ವರ್ಟರ್ ಇಳಿಸಿಕೊಂಡೆ. ‘ಗುಣಮಟ್ಟ ಒಂದಿಷ್ಟೂ ಕುಂದದು, ಪೂರ್ತಿ ಉಚಿತ’ ಎಂದಿತ್ತು. ಐದು ನಿಮಿಷದವರೆಗೆ ಉಚಿತವಂತೆ. ನಮ್ಮ ಮದುವೆ ಅದರ ಲೆಕ್ಕದಲ್ಲಿ ವರಪೂಜೆಗೇ ನಿಂತಿತು. ಆ ಐದು ನಿಮಿಷವೂ ಕಂಪನಿಯ ಹೆಸರು ಹೆಂಡತಿಯ ಹಣೆಯ ಮೇಲೆ ಬಾಸಿಂಗದಂತೆ ಮೆರೆಯಿತು.

ಕೊನೆಗೆ ಕೈಹಿಡಿದದ್ದು ಹ್ಯಾಂಡ್‌ಬ್ರೇಕ್ ಎಂಬ ನಿಜವಾಗಿ ಪುಕ್ಕಟೆಯ ತಂತ್ರಾಂಶ. 2003ರಲ್ಲಿ ಹುಟ್ಟಿದ ಇದು ತನ್ನನ್ನು 1.0 ಎಂದು ಕರೆದುಕೊಂಡದ್ದು 2016ರ ಡಿಸೆಂಬರಿನಲ್ಲಿ. ಹದಿಮೂರು ವರ್ಷ ದುಡಿದೂ ‘ನಾನಿನ್ನೂ ಒಂದು ಆಗಿಲ್ಲ’ ಎನ್ನುವ ವಿನಯವನ್ನು ನಾನು ನಮ್ಮ ಸಾಹಿತಿಗಳಲ್ಲೂ ಕಂಡಿಲ್ಲ. ಅದರಲ್ಲಿ ಗುಣಮಟ್ಟದ ಅಂಕಿ ಶುಗರ್ ರಿಪೋರ್ಟಿನ ಹಾಗೆ, ಇಳಿದಷ್ಟೂ ಒಳ್ಳೆಯದು. ಎಸ್ಸೆಸ್ಸೆಲ್ಸಿ ಅಂಕವೆಂದು ತಿಳಿದು ನಾನು 40 ಕೊಟ್ಟೆ. ಬಂಧುಗಳೆಲ್ಲ ಇಟ್ಟಿಗೆ ಪೇರಿಸಿದಂತೆ ಮೂಡಿಬಂದರು. 20ಕ್ಕೆ ಇಳಿಸಿದ ಮೇಲೆ ಮನುಷ್ಯರಾದರು. ಆದರೂ ಅಪ್ಪನ ನಗು ಮಸಕು ಮಸಕು. ಪ್ರತಿ ಪರಿವರ್ತನೆಯೂ ಕಣ್ಣಿಗೆ ಕಾಣದು ಎಂದು ತಾನೇ ತೀರ್ಮಾನಿಸಿ ಒಂದಷ್ಟನ್ನು ಎಸೆದೇ ಮುಂದೆ ಹೋಗುತ್ತದೆ. ಮೂರು ಸಲ ಎಸೆದ ಮೇಲೆ ಉಳಿಯುವುದೆಷ್ಟು?

ಬೂಷ್ಟು ಒರೆಸಿ ಹಳೆಯ ಕ್ಯಾಸೆಟ್ಟನ್ನೇ ಓಡಿಸೋಣವೆಂದು ಹೊರಟೆ. ವಿಸಿಆರ್ ಎಲ್ಲಿ? ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈತೊಳೆದುಕೊಂಡಿತ್ತು.

ಆಗ ಮಗ ಮುಂದೆ ಬಂದ. “ಅಪ್ಪಾ, ಎಐ ಇದೆ. 4ಕೆ ಮಾಡ್ತೀನಿ.” 352×288 ಎಂದರೆ ಒಂದು ಲಕ್ಷ ಚುಕ್ಕಿ. 4ಕೆ ಎಂದರೆ 83 ಲಕ್ಷ. ಲೆಕ್ಕ ಹಾಕಿದೆ: ಸುಮಾರು 82 ಚುಕ್ಕಿಗಳಲ್ಲಿ ಒಂದು ನಮ್ಮ ಮನೆಯದು, ಉಳಿದ 81 ಯಂತ್ರದ ಊಹೆ. ಇಷ್ಟು ದಿನದ ತಂತ್ರಾಂಶಗಳು ಇದ್ದದ್ದನ್ನು ಕಳೆದವು; ಇದು ಇಲ್ಲದ್ದನ್ನು ತಂದುಕೊಡುವ ಪುಣ್ಯಾತ್ಮ. ಎರಡು ದಿನ ಕಂಪ್ಯೂಟರ್ ಸಾರಿನಂತೆ ಕುದಿಯಿತು.

ಮೊನ್ನೆ ಭಾನುವಾರ ಪ್ರದರ್ಶನ. ರೇಷ್ಮೆಯ ಜರಿ ಹೊಳೆಯಿತು, ಬಾಳೆಲೆಯ ನರ ಎಣಿಸಬಹುದಿತ್ತು. ಅಮ್ಮನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ನೇರವಾಗಿ ಪಂಕ್ತಿಗೆ ಓಡಿಸಿದೆವು. ಹೋಳಿಗೆಯವನು ಬಂದ. ಅಪ್ಪ ಕ್ಯಾಮೆರಾ ಕಡೆ ತಿರುಗಿ ನಕ್ಕರು. ಮೂವತ್ತೆರಡೂ ಹಲ್ಲು, ಒಂದೊಂದೂ ಮಲ್ಲಿಗೆ ಮೊಗ್ಗು.

ಅಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಮುಂದಕ್ಕೆ ಬಾಗಿದರು.

“ಒಳ್ಳೆ ಲಕ್ಷಣವಾಗಿದ್ದಾರಲ್ಲೋ. ಯಾರು, ಹೆಣ್ಣಿನ ಕಡೆಯವರಾ?”