ಹತ್ತನೇ ಕ್ಲಾಸಿನ ಮಹಾಸಂಕಲ್ಪ

ಸಾಲಿ ತೆರೆಯುವ ಹಿಂದಿನ ರಾತ್ರಿ ನನ್ನಷ್ಟು ದೊಡ್ಡ ಮನುಷ್ಯ ಸಿಂಧನೂರು ತಾಲೂಕಿನಲ್ಲೇ ಇರಲಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಉಳಿದವರಿಗೆ ಎಷ್ಟು ಬಿಟ್ಟುಕೊಡಬೇಕು ಎಂಬುದಷ್ಟೇ ಚಿಂತೆ. ನಸುಕಿನಲ್ಲಿ ಏಳುವುದು, ಕಾಲುವೆ ದಂಡೆಗುಂಟ ಓಡುವುದು, ಇಂಗ್ಲಿಷಿನಲ್ಲೇ ಯೋಚಿಸುವುದು ಎಂದೆಲ್ಲ ಹೊಸ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಸಹಿಯನ್ನೂ ಹಾಕಿದೆ.

ಈ ಮೂರನೆಯದೇ ಕಷ್ಟದ್ದು. ನಮ್ಮ ಆರ್.ಎಚ್. ಕ್ಯಾಂಪ್ ಎಂದರೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಕೊಟ್ಟ ನೆಲೆ. ಮನೆಯಲ್ಲಿ ಬಂಗಾಳಿ, ಸಾಲಿಯಲ್ಲಿ ಕನ್ನಡ, ಟೀವಿಯಲ್ಲಿ ಹಿಂದಿ. ತಲೆಯೊಳಗೆ ಸಿಂಧನೂರು ಬಸ್‌ಸ್ಟ್ಯಾಂಡಿನಷ್ಟು ಗದ್ದಲ. ಇಂಗ್ಲಿಷಿಗೆ ನಿಲ್ಲಲೂ ಜಾಗವಿಲ್ಲ. ಮೇಲಾಗಿ 125 ಅಂಕದ ಪ್ರಥಮ ಭಾಷೆ ಕನ್ನಡ. ಅಜ್ಜಿಗೆ, ಅಂದರೆ ನಮ್ಮ ಠಾಕುಮಾಗೆ, ಈ ‘ಪ್ರಥಮ’ ಇನ್ನೂ ಒಪ್ಪಿಗೆಯಾಗಿಲ್ಲ.

ಬೆಳಿಗ್ಗೆ ಓಡಿದೆ ಅನ್ನಿ. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ನನ್ನ ಮೈಯಿಂದ ಮಾತ್ರ ಧಾರಾಳವಾಗಿ ಹರಿಯಿತು. ‘ಹುಡುಗ ಸೊರಗಿಬಿಟ್ಟ’ ಎಂದು ಠಾಕುಮಾ ಅನ್ನ, ಮೀನಿನ ಸಾರು ಬಡಿಸಿದಳು, ಮತ್ತೆ ಬಡಿಸಿದಳು. ಮೊದಲ ಪೀರಿಯಡ್ಡಿನಲ್ಲಿ ನಾನು ಯಾವ ಭಾಷೆಯಲ್ಲಿ ಯೋಚಿಸಿದೆನೋ ಗೊತ್ತಿಲ್ಲ. ಗೊರಕೆ ಮಾತ್ರ ಇಡೀ ಕ್ಲಾಸಿಗೆ ಅರ್ಥವಾಯಿತಂತೆ.